ಚೇಳಿನ ಕೊಂಡಿಯಲ್ಲಿ ಮದ್ದು

ಅಕ್ಕಂದಿರೇ, ಚೇಳು ಅಂದರೆ ಯಾರಿಗೆ ಭಯ ಇಲ್ಲ? ಸೌದೆ ರಾಶಿಗೆ ಕೈ ಹಾಕಿದಾಗ, ಹೊಲದಲ್ಲಿ ಕಲ್ಲು ಎತ್ತಿದಾಗ, ತೆಂಗಿನ ಗರಿ ಎಳೆದಾಗ ಚುರ್ ಅಂತ ಕುಟುಕುತ್ತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಕೇಳಿದರೂ ಚೇಳು ಕುಟುಕಿಸಿಕೊಂಡವರು ಸಿಗುತ್ತಾರೆ.

ಇಂಥ ಚೇಳಿನ ವಿಷದಲ್ಲಿ ಮದ್ದು ಇದೆ ಅಂದರೆ ನಂಬ್ತೀರಾ?

ವಿಷದಲ್ಲಿ ಏನಿದೆ?

ಚೇಳಿನ ಬಾಲದ ತುದಿಯಲ್ಲಿ ಕೊಂಡಿ ಇದೆ. ಅಲ್ಲೇ ವಿಷದ ಚೀಲ. ವಿಷ ಒಂದೇ ವಸ್ತು ಅಲ್ಲ. ಸಾರಿಗೆ ಉಪ್ಪು, ಹುಳಿ, ಖಾರ ಸೇರಿದ ಹಾಗೆ ಅದರಲ್ಲಿ ಹಲವು ವಸ್ತುಗಳಿವೆ. ಮುಖ್ಯವಾದವು ಪೆಪ್ಟೈಡ್‌ಗಳು.

ಪೆಪ್ಟೈಡ್ ಅಂದರೇನು? ಬೇಳೆ, ಮೊಟ್ಟೆಯಲ್ಲಿ ಪ್ರೋಟೀನ್ ಇದೆ ಅಂತ ಕೇಳಿದ್ದೀರಿ. ಪ್ರೋಟೀನ್ ಉದ್ದನೆಯ ಮಣಿಸರ ಇದ್ದ ಹಾಗೆ. ಪೆಪ್ಟೈಡ್ ಅದೇ ಮಣಿಗಳ ಪುಟ್ಟ ಸರ.

ನಮ್ಮ ನರಗಳಲ್ಲಿ ಕಣ್ಣಿಗೆ ಕಾಣದ ಪುಟ್ಟ ಬಾಗಿಲುಗಳಿವೆ. ಅವು ತೆರೆದು ಮುಚ್ಚುತ್ತಾ ಇದ್ದರೇ ನರ ಸರಿಯಾಗಿ ಕೆಲಸ ಮಾಡುತ್ತೆ. ಬೀಗಕ್ಕೆ ಬೀಗದ ಕೈ ಕೂರುವ ಹಾಗೆ ಚೇಳಿನ ಪೆಪ್ಟೈಡ್ ಆ ಬಾಗಿಲಿಗೆ ಹೋಗಿ ಕೂರುತ್ತೆ. ಆಗ ಬಾಗಿಲು ಕೆಡುತ್ತೆ. ಉರಿ, ಬೆವರು, ಎದೆ ಬಡಿತ ಶುರುವಾಗುತ್ತೆ.

ಮದ್ದು ಆಗೋದು ಹ್ಯಾಗೆ?

ಗುರುತಿಟ್ಟ ಜಾಗಕ್ಕೇ ಹೋಗಿ ಕೂರುವ ಗುಣ ಇದೆಯಲ್ಲ, ಅದೇ ವೈದ್ಯರಿಗೆ ಬೇಕಾದ್ದು.

ಉತ್ತರ ಆಫ್ರಿಕಾ ಮತ್ತು ಅರಬ್ ನಾಡಿನ ಮರಳುಗಾಡಿನಲ್ಲಿ ಒಂದು ಹಳದಿ ಚೇಳಿದೆ. ಅದರ ವಿಷದಲ್ಲಿ 36 ಮಣಿಗಳ ಒಂದು ಪೆಪ್ಟೈಡ್ ಇದೆ. ಹೆಸರು ಕ್ಲೋರೋಟಾಕ್ಸಿನ್. ಅದು ಮಿದುಳಿನ ಕ್ಯಾನ್ಸರ್ ಗೆಡ್ಡೆಗೆ ಅಂಟಿಕೊಳ್ಳುತ್ತೆ. ಪಕ್ಕದ ಒಳ್ಳೆಯ ಭಾಗಕ್ಕೆ ಅಷ್ಟಾಗಿ ಅಂಟೋದಿಲ್ಲ.

ಇದರಿಂದ ಏನು ಲಾಭ? ಮಿದುಳಿನ ಗೆಡ್ಡೆ ತೆಗೆಯುವಾಗ ಗೆಡ್ಡೆ ಯಾವುದು, ಮಿದುಳು ಯಾವುದು ಅಂತ ಕಾಣೋದು ಕಷ್ಟ. ಹೆಚ್ಚು ತೆಗೆದರೆ ಮಾತು ಹೋಗಬಹುದು, ಕೈಕಾಲು ಬೀಳಬಹುದು. ಉಳಿಸಿದರೆ ಗೆಡ್ಡೆ ಮತ್ತೆ ಬೆಳೆಯುತ್ತೆ. ಅಮೆರಿಕದ ಸಿಯಾಟಲ್ ನಗರದ ವಿಜ್ಞಾನಿಗಳು ಈ ಪೆಪ್ಟೈಡಿಗೆ ಹೊಳೆಯುವ ಬಣ್ಣ ಸೇರಿಸಿದರು. ಇಲಿಗಳಲ್ಲಿ ಗೆಡ್ಡೆ ಹೊಳೆದು ಕಂಡಿತು. 2007ರಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ರೋಗಿಗಳಲ್ಲೂ ಪರೀಕ್ಷೆ ನಡೆಯಿತು. ಇದು ಇನ್ನೂ ನಮ್ಮ ಆಸ್ಪತ್ರೆಗಳಿಗೆ ಬಂದಿಲ್ಲ.

ವಿಷದಿಂದ ಕಲಿತು ಮಾಡಿದ ಮದ್ದು ಆಗಲೇ ಬಳಕೆಯಲ್ಲಿದೆ. ಬ್ರೆಜಿಲ್ ದೇಶದ ಒಂದು ಹಾವಿನ ವಿಷ ನೋಡಿ ಕ್ಯಾಪ್ಟೊಪ್ರಿಲ್ ಅನ್ನೋ ಬಿ.ಪಿ. ಮಾತ್ರೆ ಮಾಡಿದರು. ಅದು 1981ರಲ್ಲಿ ಬಂತು.

ಹಾಗಂತ ಚೇಳು ಹಿಡಿಯಬೇಡಿ!

ಚೇಳನ್ನು ಎಣ್ಣೆಯಲ್ಲಿ ಕಾಯಿಸಿದರೆ ಮದ್ದು ಆಗೋದಿಲ್ಲ. ನೂರೆಂಟು ವಸ್ತುಗಳಲ್ಲಿ ಒಂದನ್ನು ಬೇರೆ ಮಾಡಿ, ವರ್ಷಗಟ್ಟಲೆ ಪರೀಕ್ಷೆ ಮಾಡಬೇಕು.

ದೊಡ್ಡ ಕರಿ ಚೇಳು ನೋಡಲು ಭಯಂಕರ. ಆದರೆ ಚಿಕ್ಕ ಕೆಂಪು ಚೇಳೇ ಹೆಚ್ಚು ಅಪಾಯ. ಮಕ್ಕಳ ಜೀವಕ್ಕೇ ಕುತ್ತು ತರಬಹುದು. ಮಹಾರಾಷ್ಟ್ರದ ಮಹಾಡ್ ಊರಿನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಜೋಸಿನ್ ಅನ್ನೋ ಬಿ.ಪಿ. ಮಾತ್ರೆ ಕೊಟ್ಟು ಅನೇಕರನ್ನು ಉಳಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಈ ಮಾತ್ರೆಯನ್ನು ವೈದ್ಯರೇ ಕೊಡಬೇಕು.

"ಮಂತ್ರ ಹಾಕಿಸಿದೆವು, ವಾಸಿ ಆಯ್ತು" ಅಂತಾರೆ. ಎಷ್ಟೋ ಚೇಳಿನ ಉರಿ ತಾನೇ ಇಳಿಯುತ್ತೆ. ಕೆಂಪು ಚೇಳಿನ ವಿಷ ಮಂತ್ರ ಕೇಳೋದಿಲ್ಲ.

ಚೇಳು ಕುಟುಕಿದರೆ:

ಗಾಯ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ.
ಸೋಪು ನೀರಿನಲ್ಲಿ ತೊಳೆಯಿರಿ. ತಣ್ಣೀರು ಬಟ್ಟೆ ಇಡಿ.
ಮಗುವಾದರೆ ಕಾಯದೆ ಆಸ್ಪತ್ರೆಗೆ ಹೊರಡಿ.
ವಾಂತಿ, ಮೈತುಂಬ ಬೆವರು, ಕೈಕಾಲು ತಣ್ಣಗಾಗೋದು, ಏದುಸಿರು ಕಂಡರೆ ಯಾರಾದರೂ ಸರಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಮಾತಾಡಿಕೊಳ್ಳಿ:

ನಿಮ್ಮ ಊರಲ್ಲಿ ಚೇಳು ಕುಟುಕಿದರೆ ಮೊದಲು ಏನು ಮಾಡ್ತಾರೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ?