ದನಿ ಕೊಟ್ಟವರ ಜಮಾ-ಖರ್ಚು

ನಮ್ಮ ನಿಗಡಿಯ ಹುಡುಗರು ಹೊತ್ತು ಗೊತ್ತಿಲ್ಲದೆ ಆಡುವ ವಿಡಿಯೋ ಗೇಮುಗಳಲ್ಲಿ ಗೊಂಬೆಗಳು ಮಾತಾಡುತ್ತವೆ. ಆ ದನಿ ಯಾರದು ಅಂತ ಎಷ್ಟು ಜನ ಕೇಳಿದ್ದೇವೆ? ಸಿನಿಮಾ ಡಬ್ಬಿಂಗಿನಂತೆ ಇಲ್ಲೂ ಕಲಾವಿದರು ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ನಗುತ್ತಾರೆ, ಅರಚುತ್ತಾರೆ, ಸಾಯುತ್ತಾರೆ ಕೂಡ! 1996ರ ‘ಸೂಪರ್ ಮಾರಿಯೋ 64’ರಲ್ಲಿ ಮಾರಿಯೋಗೆ ದನಿಯಾದ ಚಾರ್ಲ್ಸ್ ಮಾರ್ಟಿನೇ 2023ರವರೆಗೂ ಆ ಕೆಲಸ ಮಾಡಿದರು.

ತೆಲುಗಿನಲ್ಲಿ ನಟ ರಾಜಶೇಖರರಿಗೆ ದನಿ ಕೊಡುತ್ತಿದ್ದ ಸಾಯಿಕುಮಾರ್ ಅದೇ 1996ರಲ್ಲಿ ಕನ್ನಡದ ‘ಪೊಲೀಸ್ ಸ್ಟೋರಿ’ಗೆ ನಾಯಕರಾಗಿ ಮನೆಮಾತಾದರು. ಆ ಯೋಗ ಎಲ್ಲರಿಗೂ ಎಲ್ಲಿ ಬರುತ್ತೆ? ಗೇಮಿನ ದನಿಗಾರರ ಮುಖ ಜನ ಕಾಣುವುದು ಅಭಿಮಾನಿಗಳ ಮೇಳಗಳಲ್ಲೇ ಹೆಚ್ಚು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಶುರುವಾದ ಕಾಮಿಕ್ ಕಾನ್ ಅಂಥದೊಂದು. ಇಂಥ ಮೇಳಗಳಲ್ಲಿ ಅವರು ಅತಿಥಿಗಳಾಗಿ ಕೂತು, ಕೇಳಿದವರಿಗೆ ಗೊಂಬೆಯ ಮಾತು ಆಡಿ ತೋರಿಸುತ್ತಾರೆ. ಎಷ್ಟೋ ಕಡೆ ಹಸ್ತಾಕ್ಷರಕ್ಕೂ ಫೋಟೋಕ್ಕೂ ದುಡ್ಡುಂಟು.

ಇದೇನು ದುರಾಸೆ ಅಂದೀರಿ. ಕಾಮರ್ಸಿನವನ ಲೆಕ್ಕ ಸ್ವಲ್ಪ ಕೇಳಿ. ದನಿಗೆ ಕೂಲಿ ಸಾಮಾನ್ಯವಾಗಿ ಧ್ವನಿಮುದ್ರಣದ ಹೊತ್ತಿಗಷ್ಟೇ. ಗೇಮು ಹತ್ತು ವರ್ಷ ಮಾರಾಟವಾದರೂ ಲಾಭದಲ್ಲಿ ಪಾಲಿಲ್ಲ. ಇಂಥ ಬೇಡಿಕೆಗಳಿಗಾಗಿ ಅಮೆರಿಕದ ಕಲಾವಿದರ ಸಂಘ 2016ರಲ್ಲಿ ಮುಷ್ಕರ ಹೂಡಿತು. 2024ರಲ್ಲಿ ಮತ್ತೆ ಮುಷ್ಕರ. ಈ ಸಲ ಭಯ ಯಂತ್ರದ್ದು. ಕೃತಕ ಬುದ್ಧಿಮತ್ತೆ ದನಿಯನ್ನೇ ನಕಲು ಮಾಡಿಬಿಟ್ಟರೆ ಕಲಾವಿದನಿಗೆ ಉಳಿಯುವುದೇನು? 2025ರ ಒಪ್ಪಂದದಲ್ಲಿ, ನಕಲಿಗೆ ಕಲಾವಿದನ ಒಪ್ಪಿಗೆ ಬೇಕು, ಸಂಭಾವನೆಯೂ ಸಲ್ಲಬೇಕು ಎಂದಾಯಿತು.

ಅದು ಅಮೆರಿಕದ ಮಾತಾಯಿತು. ಕನ್ನಡದ ಡಬ್ಬಿಂಗ್ ಕಲಾವಿದರ ಕರಾರಿನಲ್ಲೂ ಈ ಎರಡು ಸಾಲು ಇರಲೇಬೇಕು. ಮಿತ್ರರೇ, ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಈ ಸಲ ಅಂಥವರೊಬ್ಬರನ್ನು ಅತಿಥಿಯಾಗಿ ಕರೆಯೋಣವೇ?