ಕಿಂಡಿಯ ಓರೆ

ಭಾರತೀನಗರದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಮದ್ದೂರು–ಮಳವಳ್ಳಿ ರಸ್ತೆ ತುಂಬ ಲಾರಿ, ಟ್ರ್ಯಾಕ್ಟರು, ಎತ್ತಿನಗಾಡಿ. ಆ ಸಾಲಿನ ಪಕ್ಕದಲ್ಲಿ ಹಳೆಯ ಯೆಜ್ಡಿ ಹಾದುಹೋದರೆ ತಿರುಗಿ ನೋಡಬೇಕಿಲ್ಲ, ಸದ್ದೇ ಹೇಳುತ್ತದೆ. ಅದು ನಮ್ಮ ಸೀಮೆಯದೇ ಬೈಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದ್ದು.

ಅದರ ಹೆಡ್ ಬಿಚ್ಚಿ, ಪಿಸ್ಟನ್ ಕೆಳಗಿಳಿಸಿ ಟಾರ್ಚ್ ಬಿಟ್ಟು ನೋಡಿ. ವಾಲ್ವ್ ಇಲ್ಲ. ಬೋರಿನ ಗೋಡೆಯಲ್ಲೇ ಕಿಂಡಿಗಳು. ಮುಂದೆ ಮಸಿ ಹಿಡಿದ ಎರಡು ಎಕ್ಸಾಸ್ಟ್ ಪೋರ್ಟು, ಅಕ್ಕಪಕ್ಕದಲ್ಲಿ ಎರಡು ಟ್ರಾನ್ಸ್‌ಫರ್ ಪೋರ್ಟು. ಟ್ರಾನ್ಸ್‌ಫರ್ ಪೋರ್ಟಿನೊಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ: ದಾರಿ ನೇರವಿಲ್ಲ, ಎಕ್ಸಾಸ್ಟಿಗೆ ಬೆನ್ನು ತಿರುಗಿಸಿಕೊಂಡು ಹಿಂದಿನ ಗೋಡೆಯತ್ತ ಓರೆಯಾಗಿದೆ. ಇದು ಆ ಓರೆಯ ಕತೆ.

ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿನ ಪಾಡು ಸುಗ್ಗಿಕಾಲದ ಬಸ್ಸಿನಂತೆ, ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ. ಸುಟ್ಟ ಹೊಗೆ ಎಕ್ಸಾಸ್ಟಿನಿಂದ ಹೊರಗೆ ಹೋಗುತ್ತಿರುವಾಗಲೇ ಹೊಸ ಗಾಳಿ-ಪೆಟ್ರೋಲು ಟ್ರಾನ್ಸ್‌ಫರಿನಿಂದ ಒಳಗೆ ಬರಬೇಕು. ಎರಡು ಬಾಗಿಲೂ ಎದುರುಬದುರಾದರೆ ಹೊಸದು ನೇರ ಆಚೆಗೇ ಹೋಗುತ್ತದೆ. ಅದನ್ನು ತಡೆಯಲು ಹಿಂದಿನವರು ಪಿಸ್ಟನ್ ತಲೆಯ ಮೇಲೆ ಗೋಡೆಯಂಥ ಉಬ್ಬು ಎಬ್ಬಿಸಿದ್ದರು. ಉಬ್ಬು ಕಾಯುತ್ತಿತ್ತು, ಪಿಸ್ಟನ್ ಭಾರವಾಗುತ್ತಿತ್ತು.

ಜರ್ಮನಿಯ ಅಡಾಲ್ಫ್ ಷ್ನ್ಯುರ್ಲೆ 1920ರ ದಶಕದಲ್ಲಿ ಪಿಸ್ಟನ್ನನ್ನು ಬಿಟ್ಟು ಕಿಂಡಿಯನ್ನು ಹಿಡಿದ. ಎರಡು ಟ್ರಾನ್ಸ್‌ಫರ್ ಕಿಂಡಿಗಳಿಂದ ಬರುವ ಗಾಳಿ ಹಿಂದಿನ ಗೋಡೆಯ ಹತ್ತಿರ ಒಂದಕ್ಕೊಂದು ಕೂಡಿ, ಗೋಡೆ ಹಿಡಿದು ಮೇಲೇರಿ, ಹೆಡ್ಡಿನ ಕೆಳಗೆ ಹೊರಳಿ, ಇಳಿಯುತ್ತಾ ಹೊಗೆಯನ್ನು ಎಕ್ಸಾಸ್ಟಿಗೆ ದಬ್ಬುವಂತೆ ಓರೆ ಕೊಟ್ಟ. ಉಬ್ಬು ಹೋಯಿತು, ಪಿಸ್ಟನ್ ತಲೆ ಹೆಚ್ಚುಕಡಿಮೆ ಚಪ್ಪಟೆಯಾಯಿತು. ಡಾಯ್ಟ್ಸ್ ಕಂಪನಿಯ ಡೀಸೆಲ್ ಎಂಜಿನ್ನಿಗೆಂದು ಹುಟ್ಟಿದ ಉಪಾಯವನ್ನು ಬೈಕಿಗೆ ತಂದದ್ದು ಬೈಕು ಕಂಪನಿ ಡಿಕೆಡಬ್ಲ್ಯು. ಹುಡುಗರು ಪ್ರಾಣ ಬಿಡುವ ಯಮಹಾ ಆರ್‌ಎಕ್ಸ್ 100ರ ಮನೆತನವೂ ಇಲ್ಲಿಗೇ ಮುಟ್ಟುತ್ತದೆ: 1955ರ ಯಮಹಾದ ಮೊದಲ ಬೈಕು ವೈಎ-1, ಡಿಕೆಡಬ್ಲ್ಯು ಆರ್‌ಟಿ 125ರ ನಕಲು. ಚೆಕ್ ದೇಶದ ಜಾವಾ ಮೂಲಕ ಅದೇ ಓರೆ 1961ರಲ್ಲಿ ಮೈಸೂರಿಗೂ ಬಂತು.

ಕಿಂಡಿ ದೊಡ್ಡದು ಮಾಡಿದರೆ ಪವರ್ ಜಾಸ್ತಿ ಎನ್ನುವ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಅರ್ಧ ಸುಳ್ಳು. ಎಕ್ಸಾಸ್ಟಿನ ಮೇಲಂಚು ಎತ್ತರಿಸಿದರೆ ಬೈಕು ಜೋರು ಸ್ಪೀಡಿನಲ್ಲಿ ಚುರುಕಾಗುತ್ತದೆ, ನಿಜ. ಆದರೆ ಹಾಲಿನ ಕ್ಯಾನು ಹೇರಿಕೊಂಡು ಏರಿ ಹತ್ತುವಾಗ ಬೇಕಾದ ಕೆಳಗಿನ ಎಳೆತ ಹೋಗುತ್ತದೆ. ಅಗಲ ಮಾಡಿದರೋ, ರಿಂಗು ಕಿಂಡಿಗೆ ಉಬ್ಬಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಟ್ರಾನ್ಸ್‌ಫರಿನ ಓರೆ ತಪ್ಪಿದರಂತೂ ಷ್ನ್ಯುರ್ಲೆ ಪಟ್ಟ ಪಾಡೆಲ್ಲ ನೀರುಪಾಲು; ಪೆಟ್ರೋಲು ನಿಮ್ಮದು, ಹೊಗೆ ಊರಿಗೆ.

ಯೆಜ್ಡಿ ಇಟ್ಟುಕೊಂಡವರು ಎಕ್ಸಾಸ್ಟಿನ ಮಸಿ ಕೆರೆಸಿ, ಅಷ್ಟೇ ಸಾಕು. ಟ್ರಾನ್ಸ್‌ಫರ್ ಕಿಂಡಿಗೆ ಅರ ಮುಟ್ಟಿಸಲು ಬಿಡಬೇಡಿ. ಹೊಸ ಬೋರು ಕೊಡಲು ಯಾದವಗಿರಿಯ ಆ ಕಾರ್ಖಾನೆ ಈಗಿಲ್ಲ, 1996ರಲ್ಲೇ ಮುಚ್ಚಿತು.