ಯುದ್ಧ ನುಂಗಿದ ವರ್ಷಗಳು

1905ರಲ್ಲಿ ಬಂಗಾಳವನ್ನು ಒಡೆದಾಗ ಢಾಕಾ ಹೊಸ ಪ್ರಾಂತ್ಯದ ರಾಜಧಾನಿಯಾಯಿತು. 1911ರ ದೆಹಲಿ ದರ್ಬಾರಿನಲ್ಲಿ ವಿಭಜನೆ ರದ್ದಾಯಿತು; ರಾಜಧಾನಿ ಪಟ್ಟವೂ ಹೋಯಿತು. ಮುನಿದ ಪೂರ್ವ ಬಂಗಾಳದ ಮುಸ್ಲಿಂ ಮುಖಂಡರಿಗೆ ವೈಸರಾಯ್ ಹಾರ್ಡಿಂಜ್ 1912ರ ಆರಂಭದಲ್ಲಿ ಒಂದು ಮಾತು ಕೊಟ್ಟರು: ಢಾಕಾಕ್ಕೆ ವಿಶ್ವವಿದ್ಯಾಲಯ.

ರಾಬರ್ಟ್ ನಾಥನ್ ಸಮಿತಿ ಅದೇ ವರ್ಷ ಯೋಜನೆ ಸಿದ್ಧಪಡಿಸಿತು. ಆದರೆ ಅದು ದುಬಾರಿ ಯೋಜನೆ. ಕಾಲೇಜುಗಳಿಗೆ ಮಾನ್ಯತೆ ಕೊಟ್ಟು ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಕ್ಕೆ ಒಂದು ಕಚೇರಿ ಇದ್ದರೆ ನಡೆಯುತ್ತದೆ. ಬಹುಪಾಲು ಖರ್ಚು ಶುಲ್ಕದಿಂದಲೇ ಹುಟ್ಟುತ್ತದೆ. ಢಾಕಾದ್ದು ಹಾಗಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿರುವ ವಸತಿ ವಿಶ್ವವಿದ್ಯಾಲಯ ಅದು. ಪ್ರಯೋಗಶಾಲೆ, ಗ್ರಂಥಾಲಯ, ವಿದ್ಯಾರ್ಥಿ ನಿಲಯ, ಸಂಬಳ ಎಲ್ಲಕ್ಕೂ ಸರ್ಕಾರದ ಖಜಾನೆಯೇ ಆಧಾರ.

1914ರಲ್ಲಿ ಯುದ್ಧ ಬಂತು, ಯೋಜನೆ ಮೂಲೆ ಸೇರಿತು. ಕೇಳಿದಾಗಲೆಲ್ಲ ಹಣದ ಅಡಚಣೆಯ ಉತ್ತರ. ಆದರೆ 1917ರಲ್ಲಿ ಬ್ರಿಟನ್ನಿನ ಯುದ್ಧವೆಚ್ಚಕ್ಕೆಂದು ಭಾರತದ ಹೆಸರಿನಲ್ಲಿ ಸಂದ ‘ಕಾಣಿಕೆ’ 10 ಕೋಟಿ ಪೌಂಡ್. ಅಂದಿನ ಲೆಕ್ಕದಲ್ಲಿ ಸುಮಾರು 150 ಕೋಟಿ ರೂಪಾಯಿ! ವಿಶ್ವವಿದ್ಯಾಲಯಕ್ಕಾಗಿ ಹೋರಾಡಿದ ನವಾಬ್ ಸಲೀಮುಲ್ಲಾ 1915ರಲ್ಲೇ ತೀರಿಕೊಂಡಿದ್ದರು. 1917ರಲ್ಲಿ ನವಾಬ್ ಅಲಿ ಚೌಧುರಿ ಶಾಸನ ಸಭೆಯಲ್ಲಿ ಹಳೆಯ ಮಾತನ್ನು ನೆನಪಿಸಿದರು. ಆ ವರ್ಷ ನೇಮಕಗೊಂಡ ಸ್ಯಾಡ್ಲರ್ ಆಯೋಗ ಢಾಕಾದ ಯೋಜನೆಯನ್ನೂ ಪರಿಶೀಲಿಸಿತು. ವರದಿ ಬರುವಾಗ 1919.

ಇದೇ ಯುದ್ಧದ ನಡುವೆ, 1916ರಲ್ಲಿ, ಮೈಸೂರು ಮತ್ತು ಬನಾರಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೈಸೂರಿಗೆ ಸಂಸ್ಥಾನದ ಸ್ವಂತ ಬೊಕ್ಕಸವಿತ್ತು. ಬನಾರಸ್ಸಿಗೆ ಮದನ ಮೋಹನ ಮಾಲವೀಯರು ಕೂಡಿಸಿದ ದೇಣಿಗೆಯಿತ್ತು. ಢಾಕಾಕ್ಕೆ ಇದ್ದದ್ದು ವೈಸರಾಯ್ ಕೊಟ್ಟ ಮಾತು ಮಾತ್ರ.

ಕೊನೆಗೆ 1920ರಲ್ಲಿ ಶಾಸನವಾಯಿತು. 1921ರ ಜುಲೈ 1ರಂದು 877 ವಿದ್ಯಾರ್ಥಿಗಳು, ಸುಮಾರು 60 ಅಧ್ಯಾಪಕರೊಂದಿಗೆ ಬಾಗಿಲು ತೆರೆಯಿತು. ಹಿಂದಿನ ರಾಜಧಾನಿಗೆಂದು ಕಟ್ಟಿದ ರಮಣಾ ಪ್ರದೇಶದ ಕಟ್ಟಡಗಳೇ ಆಸರೆಯಾದವು. ಆದರೂ ಕಷ್ಟ ತೀರಲಿಲ್ಲ. 1919ರ ಸುಧಾರಣೆಯಂತೆ ಶಿಕ್ಷಣ ಪ್ರಾಂತ್ಯದ ಹೊಣೆಯಾಗಿತ್ತು. ಬಂಗಾಳದ ಬೊಕ್ಕಸವೋ ಬರಿದು. ಮೊದಲ ಕುಲಪತಿ ಫಿಲಿಪ್ ಹಾರ್ಟಾಗ್ ಈ ಇಕ್ಕಟ್ಟಿನಲ್ಲೇ ಸಂಸ್ಥೆಯನ್ನು ನಡೆಸಬೇಕಾಯಿತು.

ಅಲ್ಲಿಗೆ 1921ರಲ್ಲೇ ಭೌತಶಾಸ್ತ್ರ ಕಲಿಸಲು ಬಂದ ತರುಣ ಸತ್ಯೇಂದ್ರನಾಥ ಬೋಸ್. 1924ರಲ್ಲಿ ಅವರು ಢಾಕಾದಿಂದ ಐನ್‌ಸ್ಟೈನ್‌ಗೆ ಕಳಿಸಿದ ಪುಟ್ಟ ಲೇಖನದಿಂದ ಬೋಸ್–ಐನ್‌ಸ್ಟೈನ್ ಸಂಖ್ಯಾಶಾಸ್ತ್ರ ಹುಟ್ಟಿತು. ಮಾತು ಕೊಟ್ಟು ಆಗಲೇ ಹನ್ನೆರಡು ವರ್ಷವಾಗಿತ್ತು. ಯುದ್ಧ ನುಂಗಿದ ವರ್ಷಗಳಲ್ಲಿ ಅಲ್ಲಿ ಓದಬಹುದಾಗಿದ್ದವರ ಲೆಕ್ಕ ಮಾತ್ರ ಯಾವ ಖಜಾನೆಯ ಪುಸ್ತಕದಲ್ಲೂ ಸಿಗುವುದಿಲ್ಲ.